ಎರಡೂ ಇಂಜಿನ್ ಬಂದ್ ಬಿದ್ದರೆ ವಿಮಾನವನ್ನು ಎಲ್ಲಿ ನಿಲ್ಲಿಸುತ್ತಾರೆ? ನಮ್ಮ ಅವ್ವನ ಪ್ರಶ್ನೆ

ಟಿಳಕವಾಡಿ ಹುಡುಗಿ (ಸೋಮವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅವ್ವ ಮೊದಲ ಸಲ ವಿಮಾನ ಹತ್ತಬೇಕು. ಬೆಂಗಳೂರಿನಲ್ಲಿ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಇದೆ. ಅವ್ವನಿಗೆ ಮೊಣಕಾಲು ನೋವು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೋದರೆ ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ.

ಎಲ್ಲ ಒಪ್ಪಿದ್ದಳು. ನಿನ್ನೆ ಟಿವಿಯಲ್ಲಿ ತುರ್ತು ಭೂಸ್ಪರ್ಶದ ಸುದ್ದಿ ನೋಡಿದಳು, ಅಲ್ಲಿಂದ ಬೇಡ ಎನ್ನುತ್ತಿದ್ದಾಳೆ. ಅವಳ ಪ್ರಶ್ನೆ ಇಷ್ಟೇ: "ಗಾಡಿ ಬಂದ್ ಬಿದ್ದರ ರಸ್ತೆ ಬದಿಗೆ ನಿಲ್ಲಿಸ್ತಾರ. ವಿಮಾನ ಬಂದ್ ಬಿದ್ದರ ಎಲ್ಲಿ ನಿಲ್ಲಿಸ್ತಾರ?"

ನನಗೆ ಉತ್ತರ ಗೊತ್ತಾಗಲಿಲ್ಲ. "ಹಾಗೆಲ್ಲ ಆಗುವುದಿಲ್ಲ" ಎಂದು ಸುಮ್ನೆ ಹೇಳಲು ಮನಸ್ಸಿಲ್ಲ, ಅವಳು ಅಷ್ಟಕ್ಕೆ ಒಪ್ಪುವವಳೂ ಅಲ್ಲ. ಗೊತ್ತಿದ್ದವರು ಸರಿಯಾಗಿ ಹೇಳಿ. ಇಂಜಿನ್ ಎಲ್ಲ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತಾ?

ಸಾಂಬ್ರಾ ಫಿಟ್ಟರ್ (ಸೋಮವಾರ, ರಾತ್ರಿ 10:05)

ತಂಗಿ, ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲಿನ ಮೆಕ್ಯಾನಿಕ್ ಆಗಿದ್ದೆ, ಈಗ ನಿವೃತ್ತ. ತರಬೇತಿ ಪಡೆದದ್ದು ಇದೇ ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲಿ. ಅವ್ವನ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಹೆದರಿಕೆ ಎಂದು ತಳ್ಳಿ ಹಾಕಬೇಡಿ.

ಅವ್ವನಿಗೆ ಮೊದಲು ಇದನ್ನು ಹೇಳಿ: ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಇಂಜಿನ್ ಅದನ್ನು ಮುಂದಕ್ಕೆ ನೂಕುತ್ತದೆ ಅಷ್ಟೆ. ಮುಂದಕ್ಕೆ ಹೋಗುತ್ತಿರುವ ತನಕ ರೆಕ್ಕೆಗೆ ಗಾಳಿ ಸಿಗುತ್ತದೆ, ಗಾಳಿ ಸಿಗುವ ತನಕ ಅದು ಹಾರುತ್ತದೆ. ಇಂಜಿನ್ ನಿಂತರೆ ಪೈಲಟ್ ಮೂತಿಯನ್ನು ಸ್ವಲ್ಪ ಕೆಳಗೆ ಮಾಡುತ್ತಾರೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟ ಹಾಗೆ. ವೇಗ ಉಳಿಯುತ್ತದೆ, ಅದಕ್ಕೆ ಬದಲಾಗಿ ಎತ್ತರ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ.

ಇನ್ನೊಂದು ಮಾತು. ಎಲ್ಲ ಸರಿ ಇರುವ ದಿನವೂ ವಿಮಾನ ಕೆಳಗಿಳಿಯಲು ಶುರು ಮಾಡಿದಾಗ ಪೈಲಟ್ ಇಂಜಿನ್ ಶಕ್ತಿ ಬಹಳ ಕಡಿಮೆ ಮಾಡುತ್ತಾರೆ. ದೊಡ್ಡ ಜೆಟ್‌ಗಳು ಎಷ್ಟೋ ಸಲ ಹೆಚ್ಚುಕಡಿಮೆ ತೇಲಿಕೊಂಡೇ ಇಳಿಯುತ್ತವೆ. ಒಳಗೆ ಕೂತವರಿಗೆ ಸದ್ದು ಸಣ್ಣದಾದದ್ದು ಗೊತ್ತಾಗುತ್ತದೆ, ಅಷ್ಟೆ.

ಮುಧೋಳ ಮಾಸ್ತರ (ಸೋಮವಾರ, ರಾತ್ರಿ 10:40)

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಫಿಟ್ಟರ್ ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ.

1983ರಲ್ಲಿ ಕೆನಡಾದಲ್ಲಿ ಒಂದು ಬೋಯಿಂಗ್ 767 ಎರಡೂ ಇಂಜಿನ್ ಇಲ್ಲದೆ ಇಳಿಯಿತು. ಆಗ ಸಹ ಪೈಲಟ್ ಲೆಕ್ಕ ಹಾಕಿದ ಪ್ರಕಾರ ಅದು ಒಂದು ಕಿಲೋಮೀಟರ್ ಕೆಳಗೆ ಇಳಿಯುವಷ್ಟರಲ್ಲಿ ಸುಮಾರು 12 ಕಿಲೋಮೀಟರ್ ಮುಂದೆ ಹೋಗುತ್ತಿತ್ತು. ಇದನ್ನೇ ನಮ್ಮೂರಿಗೆ ಹಾಕಿ ನೋಡಿ. ಮುಧೋಳದ ಮೇಲೆ 35,000 ಅಡಿ ಎತ್ತರದಲ್ಲಿ, ಅಂದರೆ ಹತ್ತೂವರೆ ಕಿಲೋಮೀಟರ್ ಮೇಲೆ, ಒಂದು ಜೆಟ್ ಹೋಗುತ್ತಿದೆ. ಅಲ್ಲಿ ಇಂಜಿನ್ ನಿಂತಿತು ಎಂದುಕೊಳ್ಳಿ. 10.5 ಗುಣಿಸು 12, ಒಟ್ಟು 126 ಕಿಲೋಮೀಟರ್. ಮುಧೋಳದಿಂದ ಸಾಂಬ್ರಾಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಒಳಗೇ ಇದೆ. ಗಾಳಿ ಎದುರಾದರೆ ಕಡಿಮೆಯಾಗುತ್ತದೆ, ತಿರುಗಲು ಸ್ವಲ್ಪ ಎತ್ತರ ಬೇಕು. ಆದರೂ ಲೆಕ್ಕಕ್ಕೆ ಸಿಗುವ ದೂರವೇ.

ಆದ್ದರಿಂದ ಅಮ್ಮನಿಗೆ ಹೇಳಿ, ಎತ್ತರದಲ್ಲಿ ಬಂದ್ ಬಿದ್ದರೆ ನಿಲ್ಲಿಸುವ ಜಾಗ ಹುಡುಕಲು ಸಮಯ ಸಿಗುತ್ತದೆ.

ರಾಯಬಾಗ ಕಬ್ಬು (ಮಂಗಳವಾರ, ಬೆಳಿಗ್ಗೆ 6:15)

ಕಾಕಾ, ಒಂದು ಅನುಮಾನ. ನಾನು ಹನ್ನೆರಡು ವರ್ಷ ಲಾರಿ ಓಡಿಸಿದವನು. ವಂಟಮುರಿ ಘಾಟಿನಲ್ಲಿ ಡೀಸೆಲ್ ಉಳಿಸಲು ಕೆಲವರು ಇಂಜಿನ್ ಬಂದ್ ಮಾಡಿ ಗಾಡಿ ಬಿಡುತ್ತಾರೆ. ಅದು ಸಾವಿಗೆ ದಾರಿ. ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕಿನ ಗಾಳಿ ಇಳಿಯುತ್ತದೆ. ಗಾಡಿ ಉರುಳುತ್ತಾ ಇರುತ್ತದೆ, ನಮ್ಮ ಮಾತು ಕೇಳುವುದಿಲ್ಲ. ವಿಮಾನದಲ್ಲೂ ಹಾಗೇ ಆಗಬೇಕಲ್ವಾ? ತೇಲುತ್ತದೆ ಸರಿ, ತಿರುಗಿಸುವುದು ಹೇಗೆ?

ಸಾಂಬ್ರಾ ಫಿಟ್ಟರ್ (ಮಂಗಳವಾರ, ಬೆಳಿಗ್ಗೆ 8:30)

ತಮ್ಮಾ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು.

ದೊಡ್ಡ ವಿಮಾನಗಳಲ್ಲಿ ರೆಕ್ಕೆ ಬಾಲದ ಭಾಗಗಳನ್ನು ತಿರುಗಿಸುವುದು ಹೈಡ್ರಾಲಿಕ್ ಒತ್ತಡ, ಅಂದರೆ ಪೈಪಿನೊಳಗಿನ ದ್ರವದ ಒತ್ತಡ. ಆ ಪಂಪಿಗೆ ಶಕ್ತಿ ಇಂಜಿನ್‌ನಿಂದ ಬರುತ್ತದೆ. ಕರೆಂಟೂ ಅಲ್ಲಿಂದಲೇ. ಎರಡೂ ಇಂಜಿನ್ ಹೋದರೆ ಇವೂ ಹೋಗುತ್ತವೆ. ಅದಕ್ಕೆಂದೇ ಹೊಟ್ಟೆಯ ಕಡೆ ಒಂದು ಸಣ್ಣ ಫ್ಯಾನು ಮಡಚಿ ಇಟ್ಟಿರುತ್ತಾರೆ. ರ್‍ಯಾಮ್ ಏರ್ ಟರ್ಬೈನ್ ಅದರ ಹೆಸರು, ನಾವು ರ್‍ಯಾಟ್ ಎನ್ನುತ್ತೇವೆ. ಶಕ್ತಿ ಹೋದ ತಕ್ಷಣ ಅದು ಹೊರಗೆ ಬೀಳುತ್ತದೆ, ಎದುರು ಗಾಳಿಗೆ ಗಿರ್ರನೆ ತಿರುಗುತ್ತದೆ. ಪೈಲಟ್‌ನ ಕೈಯಲ್ಲಿ ವಿಮಾನ ಉಳಿಯಲು ಬೇಕಾದಷ್ಟು ಒತ್ತಡ ಅದರಿಂದ ಬರುತ್ತದೆ.

ಆದರೆ ಗಾಳಿಯ ವೇಗ ಇದ್ದಷ್ಟೇ ಅದರ ಬಲ. ಇಳಿಯುವ ಹೊತ್ತಿಗೆ ವಿಮಾನ ನಿಧಾನವಾದಂತೆ ಫ್ಯಾನೂ ನಿಧಾನ, ಕಂಟ್ರೋಲ್ ಭಾರವಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಬೇಕಾದ ಗಳಿಗೆಯಲ್ಲೇ ಅದು ಸೋಲುತ್ತದೆ. ಮಾಸ್ತರು ಹೇಳಿದ ಕೆನಡಾದ ವಿಮಾನದಲ್ಲಿ ಹೀಗೇ ಆಯಿತು.

ಟಿಳಕವಾಡಿ ಹುಡುಗಿ (ಮಂಗಳವಾರ, ಮಧ್ಯಾಹ್ನ 1:10)

ಕಾಕಾ, ಮಾಸ್ತರ, ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಸೈಕಲ್ ಮಾತು ತಿಳಿಯಿತು ಎಂದಳು. ಈಗ ಕೆನಡಾದ ವಿಮಾನ ಯಾಕೆ ಬಂದ್ ಬಿತ್ತು ಎಂದು ಕೇಳುತ್ತಿದ್ದಾಳೆ. ಎರಡೂ ಇಂಜಿನ್ ಒಂದೇ ಸಲ ಹೇಗೆ ಕೆಡುತ್ತವೆ?

ಮುಧೋಳ ಮಾಸ್ತರ (ಮಂಗಳವಾರ, ರಾತ್ರಿ 9:50)

ಇಂಜಿನ್ ಕೆಟ್ಟಿರಲಿಲ್ಲ, ಟ್ಯಾಂಕ್ ಖಾಲಿಯಾಗಿತ್ತು. ಎಲ್ಲ ಇಂಜಿನ್ ಒಟ್ಟಿಗೆ ನಿಲ್ಲಬೇಕಾದರೆ ಎಲ್ಲಕ್ಕೂ ಒಂದೇ ಕಾರಣ ಇರಬೇಕು: ಎಣ್ಣೆ, ಹಕ್ಕಿಗಳು, ಜ್ವಾಲಾಮುಖಿಯ ಬೂದಿ, ಆಲಿಕಲ್ಲು ಮಳೆ. ಈ ಕಥೆಯನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

1983ರ ಜುಲೈ 23. ಏರ್ ಕೆನಡಾ 143. ಮಾಂಟ್ರಿಯಲ್‌ನಿಂದ ಒಟ್ಟಾವಾ ಮೇಲೆ ಎಡ್ಮಂಟನ್‌ಗೆ. ವಿಮಾನದಲ್ಲಿ 69 ಜನ. ಕ್ಯಾಪ್ಟನ್ ಬಾಬ್ ಪಿಯರ್ಸನ್, ಸಹ ಪೈಲಟ್ ಮಾರಿಸ್ ಕ್ವಿಂಟಾಲ್. ವಿಮಾನ ಹೊಸದು. ಅದರ ಇಂಧನ ಗೇಜ್ ಮಾತ್ರ ಕೆಟ್ಟು ಏನೂ ತೋರಿಸುತ್ತಿರಲಿಲ್ಲ. ಹಾಗಾಗಿ ಟ್ಯಾಂಕಿಗೆ ಅಳತೆಕೋಲು ಹಾಕಿ ನೋಡಿದರು. 7,682 ಲೀಟರ್ ಇತ್ತು.

ಈಗ ಗಮನ ಕೊಡಿ. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋ. ವಿಮಾನದಲ್ಲಿ ಇಂಧನವನ್ನು ತೂಕದಲ್ಲಿ ಲೆಕ್ಕ ಹಾಕುತ್ತಾರೆ, ಲಾರಿಯವನು ಕೊಡುವುದು ಲೀಟರಿನಲ್ಲಿ. ಲೀಟರನ್ನು ಕಿಲೋ ಮಾಡಲು ಒಂದು ಗುಣಕ ಬೇಕು. ಅಡುಗೆ ಎಣ್ಣೆ ಪಾಕೀಟು ತಿರುಗಿಸಿ ನೋಡಿ, 1 ಲೀಟರ್ ಪಕ್ಕದಲ್ಲಿ 910 ಗ್ರಾಂ ಎಂದು ಬರೆದಿರುತ್ತದೆ. ವಿಮಾನದ ಇಂಧನ ಅದಕ್ಕಿಂತ ಹಗುರ, ಅಂದು ಒಂದು ಲೀಟರ್‌ಗೆ 0.803 ಕಿಲೋ ತೂಗುತ್ತಿತ್ತು. ಆದರೆ ಅವರ ಕೈಯಲ್ಲಿದ್ದ ಚೀಟಿಯಲ್ಲಿ 1.77 ಎಂದಿತ್ತು. ಅದು ಒಂದು ಲೀಟರಿನ ತೂಕ ಪೌಂಡಿನಲ್ಲಿ. ಕೆನಡಾ ಆಗ ಪೌಂಡು ಬಿಟ್ಟು ಕಿಲೋಗೆ ಬದಲಾಗುತ್ತಿತ್ತು. ಆ ಕಂಪನಿಯ ಬೇರೆ ವಿಮಾನಗಳೆಲ್ಲ ಪೌಂಡಿನವು, 767 ಮೊದಲ ಕಿಲೋ ವಿಮಾನ.

ಅವರು ಮಾಡಿದ ಲೆಕ್ಕ: 7,682 ಗುಣಿಸು 1.77, ಬಂತು 13,597. ಅದನ್ನು ಕಿಲೋ ಎಂದುಕೊಂಡರು. 22,300ರಲ್ಲಿ ಕಳೆದರೆ 8,703. ಅದನ್ನು ಮತ್ತೆ 1.77ರಿಂದ ಭಾಗಿಸಿ 4,917 ಲೀಟರ್ ಹಾಕಿಸಿದರು.

ಮಾಡಬೇಕಾಗಿದ್ದ ಲೆಕ್ಕ: 7,682 ಗುಣಿಸು 0.803, ಅಂದರೆ 6,169 ಕಿಲೋ. ಉಳಿದ 16,131 ಕಿಲೋ ಬೇಕು. 0.803ರಿಂದ ಭಾಗಿಸಿದರೆ 20,088 ಲೀಟರ್.

ಹಾಕಬೇಕಾದದ್ದರ ಕಾಲು ಭಾಗ ಮಾತ್ರ ಹಾಕಿದ್ದರು. ಒಟ್ಟಾವಾದಲ್ಲಿ ಮತ್ತೊಮ್ಮೆ ಕೋಲು ಹಾಕಿ ಅಳೆದರು. ಅಳತೆ ಸರಿ, ಗುಣಕ ಮತ್ತೆ ತಪ್ಪು. ಕೋಲು ನಿಜ ಹೇಳುತ್ತಿತ್ತು, ಕಾಗದ ಸುಳ್ಳು ಹೇಳುತ್ತಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ.

41,000 ಅಡಿಯಲ್ಲಿ ಮೊದಲು ಎಡ ಇಂಜಿನ್ ನಿಂತಿತು, ಸ್ವಲ್ಪ ಹೊತ್ತಿಗೆ ಬಲದ್ದೂ ನಿಂತಿತು. ಕಾಕ್‌ಪಿಟ್‌ನ ಪರದೆಗಳು ಕಪ್ಪಾದವು. ವಿನ್ನಿಪೆಗ್ ಕಡೆ ತಿರುಗಿಸಿದರು. ಕ್ವಿಂಟಾಲ್ ಲೆಕ್ಕ ಹಾಕಿ ಅಲ್ಲಿಗೆ ಮುಟ್ಟುವುದಿಲ್ಲ ಎಂದರು. ಅವರು ಹಿಂದೆ ಗಿಮ್ಲಿ ಎಂಬ ವಾಯುಪಡೆ ನೆಲೆಯಲ್ಲಿ ಇದ್ದವರು, ಅಲ್ಲಿ ರನ್‌ವೇ ಇದೆ ಎಂದು ನೆನಪಾಯಿತು. ನೆಲೆ ಮುಚ್ಚಿತ್ತು. ರನ್‌ವೇ ಕಾರ್ ರೇಸಿಗೆ ಹೋಗಿತ್ತು, ಅವತ್ತು ಅಲ್ಲಿ ಕಾರ್ ಕ್ಲಬ್ಬಿನವರು ಹೆಂಡತಿ ಮಕ್ಕಳ ಜೊತೆ ಸೇರಿದ್ದರು. ಅದು ಮೇಲೆ ಇದ್ದವರಿಗೆ ಗೊತ್ತಿಲ್ಲ.

ಪಿಯರ್ಸನ್ ಬಿಡುವಿನಲ್ಲಿ ಇಂಜಿನ್ ಇಲ್ಲದ ಗ್ಲೈಡರ್ ಹಾರಿಸುತ್ತಿದ್ದವರು. ಗಿಮ್ಲಿ ಹತ್ತಿರ ಬಂದಾಗ ವಿಮಾನ ತುಂಬ ಮೇಲಿತ್ತು, ವೇಗವೂ ಜಾಸ್ತಿ. ಒಂದು ಸುತ್ತು ಹಾಕಿ ಬರಲು ಎತ್ತರ ಸಾಲದು. ಆಗ ಗ್ಲೈಡರಿನಲ್ಲಿ ಮಾಡುವ ಹಾಗೆ ಬಾಲದ ಮೇಲಿನ ರಡ್ಡರನ್ನು ಒಂದು ಕಡೆ, ರೆಕ್ಕೆಯನ್ನು ಇನ್ನೊಂದು ಕಡೆ ಒತ್ತಿ ಹಿಡಿದು ವಿಮಾನವನ್ನು ಓರೆಯಾಗಿ ಜಾರಿಸಿದರು. ಅಡ್ಡ ನಿಂತ ಒಡಲಿಗೆ ಗಾಳಿ ಬಡಿದು ಎತ್ತರ ಬೇಗ ಇಳಿಯಿತು. ಕೊನೆಯ ಗಳಿಗೆಯಲ್ಲಿ ನೆಟ್ಟಗೆ ಮಾಡಿ ಇಳಿಸಿದರು. ಮುಂದಿನ ಚಕ್ರ ಲಾಕ್ ಆಗಿರಲಿಲ್ಲ, ಮೂತಿ ನೆಲಕ್ಕೆ ಉಜ್ಜಿತು. ಆ ಉಜ್ಜಾಟವೇ ವಿಮಾನವನ್ನು ಬೇಗ ನಿಲ್ಲಿಸಿತು. ಮುಂದೆ ಸೈಕಲ್ ಮೇಲೆ ಇಬ್ಬರು ಹುಡುಗರಿದ್ದರು, ಅವರಿಗೂ ಏನೂ ಆಗಲಿಲ್ಲ. ಮೂತಿಯ ಹತ್ತಿರ ಹೊತ್ತಿದ ಸಣ್ಣ ಬೆಂಕಿಯನ್ನು ಕಾರ್ ರೇಸಿನವರೇ ತಮ್ಮ ಸಿಲಿಂಡರಿನಿಂದ ಆರಿಸಿದರು.

ಹತ್ತು ಜನರಿಗೆ ಸಣ್ಣ ಪೆಟ್ಟು. ಸಾವು ಒಂದೂ ಇಲ್ಲ. ಇಂಜಿನ್ ನಿಂತ ಮೇಲೆ ನೆಲ ಮುಟ್ಟಲು 17 ನಿಮಿಷ.

ಕ್ಯಾಂಪ್ ಹಳಬ (ಮಂಗಳವಾರ, ರಾತ್ರಿ 11:15)

ಮಾಸ್ತರ, ಚೆನ್ನಾಗಿ ಹೇಳಿದಿರಿ. ಆದರೆ ನನಗೆ ಒಂದು ಒಪ್ಪಿಗೆ ಇಲ್ಲ. ಗೇಜ್ ಕೆಟ್ಟ ವಿಮಾನ ತೆಗೆದುಕೊಂಡು ಹೊರಟವರು ಯಾರು? ಅದೇ ಕ್ಯಾಪ್ಟನ್. ಗೇಜ್ ಇಲ್ಲದೆ ಹಾರಬಾರದು ಎಂದು ಅವರ ಪುಸ್ತಕದಲ್ಲೇ ಇತ್ತು. ಬೆಂಕಿ ಹಚ್ಚಿದವನೇ ಆರಿಸಿದರೆ ಸನ್ಮಾನ ಮಾಡಬೇಕಾ? ಆ 69 ಜನ 17 ನಿಮಿಷ ಅನುಭವಿಸಿದ ಭಯಕ್ಕೆ ಯಾರು ಉತ್ತರ ಕೊಡಬೇಕು?

ಸಾಂಬ್ರಾ ಫಿಟ್ಟರ್ (ಬುಧವಾರ, ಬೆಳಿಗ್ಗೆ 7:45)

ನಿಮ್ಮ ಸಿಟ್ಟು ನ್ಯಾಯವಾದದ್ದು. ಕಂಪನಿ ಕೂಡ ಸುಮ್ಮನಿರಲಿಲ್ಲ. ಪಿಯರ್ಸನ್‌ಗೆ ಆರು ತಿಂಗಳು ಹಿಂಬಡ್ತಿ ಕೊಟ್ಟಿತು, ಕ್ವಿಂಟಾಲ್‌ರನ್ನು ಎರಡು ವಾರ ಅಮಾನತು ಮಾಡಿತು. ಮೂವರು ಮೆಕ್ಯಾನಿಕ್‌ಗಳಿಗೂ ಅಮಾನತು. ಎರಡು ವರ್ಷದ ನಂತರ, 1985ರಲ್ಲಿ, ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟ ಅದೇ ಇಬ್ಬರಿಗೆ ಅಸಾಧಾರಣ ಹಾರಾಟಕ್ಕಾಗಿ ಗೌರವ ಪತ್ರ ಕೊಟ್ಟಿತು. ನನ್ನ ಲೆಕ್ಕದಲ್ಲಿ ಎರಡೂ ಸರಿ. ಒಂದನ್ನು ಇನ್ನೊಂದರಿಂದ ಕಳೆಯಲು ಆಗುವುದಿಲ್ಲ.

ಆದರೆ ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಮೆಕ್ಯಾನಿಕ್‌ಗಳ ಹತ್ತಿರ, ಯಾಕೆಂದರೆ ನಾನು ಅವರ ಜಾಗದಲ್ಲಿ ನಿಂತವನು.

ಆ ಗೇಜಿನ ಯಂತ್ರಕ್ಕೆ ಎರಡು ಚಾನೆಲ್ ಇದ್ದವು. ಒಂದರಲ್ಲಿ ಬೆಸುಗೆ ಸರಿ ಇರಲಿಲ್ಲ. ಎಡ್ಮಂಟನ್‌ನಲ್ಲಿ ಒಬ್ಬ ಮೆಕ್ಯಾನಿಕ್ ಕೆಟ್ಟ ಚಾನೆಲ್‌ನ ಬ್ರೇಕರ್, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಹೊರಗೆ ಎಳೆದು ಗುರುತು ಹಚ್ಚಿದ. ಆಗ ಒಳ್ಳೆಯ ಚಾನೆಲ್ ಮೇಲೆ ಗೇಜ್ ಸರಿಯಾಗಿ ಓಡಿತು. ವಿಮಾನ ಮಾಂಟ್ರಿಯಲ್‌ಗೆ ಬಂತು. ಅಲ್ಲಿ ಇನ್ನೊಬ್ಬ ಮೆಕ್ಯಾನಿಕ್ ತಾನೂ ಒಮ್ಮೆ ನೋಡೋಣ ಎಂದು ಆ ಬ್ರೇಕರ್ ಒಳಗೆ ಒತ್ತಿದ. ಗೇಜಿನಲ್ಲಿ ಏನೂ ಕಾಣದಾಯಿತು. ಅಷ್ಟರಲ್ಲಿ ಬೇರೆ ಕಡೆ ಗಮನ ಹೋಯಿತು, ಬ್ರೇಕರ್ ವಾಪಸ್ ಎಳೆಯುವುದು ಮರೆತುಹೋಯಿತು. ಗುರುತಿನ ಚೀಟಿ ಹಾಗೇ ಇತ್ತು, ನೋಡಿದವರಿಗೆ ಬ್ರೇಕರ್ ಎಳೆದೇ ಇದೆ ಅನಿಸುವಂತೆ. ಇತ್ತ ಪೈಲಟ್‌ಗಳು ಡ್ಯೂಟಿ ಬದಲಿಸುವಾಗ ಆಡಿದ ಮಾತಿನಿಂದ, ಈ ವಿಮಾನ ಗೇಜ್ ಇಲ್ಲದೆಯೇ ಇಲ್ಲಿ ತನಕ ಬಂದಿದೆ ಎಂದು ಪಿಯರ್ಸನ್ ತಪ್ಪು ತಿಳಿದರು.

ಹಳೆಯ ವಿಮಾನಗಳಲ್ಲಿ ಫ್ಲೈಟ್ ಇಂಜಿನಿಯರ್ ಎಂಬ ಮೂರನೆಯವನು ಇರುತ್ತಿದ್ದ, ಇಂಧನದ ಲೆಕ್ಕ ಅವನ ಪಾಲು. 767ರಲ್ಲಿ ಆ ಕುರ್ಚಿ ತೆಗೆದರು. ಲೆಕ್ಕ ಯಾರದು ಎಂದು ಯಾರಿಗೂ ಸರಿಯಾಗಿ ಹೇಳಿ ಕಲಿಸಿರಲಿಲ್ಲ. ತನಿಖೆ ಮಾಡಿದ ಆಯೋಗವೂ ಕಂಪನಿಯ ಮೇಲೆಯೇ ದೊಡ್ಡ ತಪ್ಪು ಹೊರಿಸಿತು.

ನಮಗೆ ಸರ್ವಿಸ್‌ನಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಟ್ಟು ಅರ್ಧ ಬಿಗಿದಾಗ ಯಾರಾದರೂ ಕರೆದರೆ, ಹೋಗಿ ಬಂದ ಮೇಲೆ ಅರ್ಧದಿಂದ ಶುರು ಮಾಡಬಾರದು, ಮೊದಲಿನಿಂದ ಮಾಡಬೇಕು. ಹುಡುಗನಾಗಿದ್ದಾಗ ಅದು ಸುಮ್ನೆ ಕಿರಿಕಿರಿ ಅನಿಸುತ್ತಿತ್ತು. ಮಾಂಟ್ರಿಯಲ್‌ನ ಆ ಬ್ರೇಕರ್ ಕಥೆ ಓದಿದ ದಿನ ನನ್ನ ಹಳೆಯ ಸಾರ್ಜೆಂಟ್ ಬಹಳ ನೆನಪಾದರು.

ಇಳಕಲ್ ಸೆರಗು (ಬುಧವಾರ, ಮಧ್ಯಾಹ್ನ 3:30)

ನಾನು ಬಾಗಲಕೋಟೆಯಲ್ಲಿ ನರ್ಸ್. ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ.

ಮಕ್ಕಳ ಜ್ವರದ ಸಿರಪ್ ಇದೆಯಲ್ಲ, ಪ್ಯಾರಾಸಿಟಮಾಲ್, ಅದು ಎರಡು ಬಲದಲ್ಲಿ ಬರುತ್ತದೆ. 5 ಎಂಎಲ್‌ಗೆ 125 ಮಿಲಿಗ್ರಾಂ ಒಂದು, 250 ಮಿಲಿಗ್ರಾಂ ಇನ್ನೊಂದು. ಎಷ್ಟೋ ಸಲ ಬಣ್ಣ ಒಂದೇ, ರುಚಿ ಒಂದೇ. "ಒಂದು ಚಮಚ ಕೊಟ್ಟೆ" ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಯಾವ ಬಾಟಲಿಯ ಚಮಚ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ನನ್ನ ಕೈಗೆ ಬಂದ ಚಾರ್ಟಿನಲ್ಲಿ ಒಂದು ಔಷಧಿಯ ಮುಂದೆ 5 ಎಂದಷ್ಟೇ ಇತ್ತು. ಎಂಎಲ್ಲೋ, ಮಿಲಿಗ್ರಾಂಓ ಬರೆದಿರಲಿಲ್ಲ. ಬರೆದವರು ಡ್ಯೂಟಿ ಮುಗಿಸಿ ಹೋಗಿದ್ದರು. ರಾತ್ರಿ ಎರಡೂವರೆಗೆ ಫೋನ್ ಮಾಡಿ ಎಬ್ಬಿಸಿದೆ. ಬೈಸಿಕೊಂಡೆ. ಆದರೆ ಕೇಳಿ ತಿಳಿದುಕೊಂಡೇ ಕೊಟ್ಟೆ. ಮಗುವಿನ ತಾಯಿ ಪಕ್ಕದಲ್ಲೇ ಮಲಗಿದ್ದರು, ಅವರಿಗೆ ಇದೆಲ್ಲ ಗೊತ್ತೇ ಆಗಲಿಲ್ಲ.

ಅಂಕಿಯ ಪಕ್ಕ ಅಳತೆ ಬರೆಯದೆ ಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ತಡೆಯಲಾರದ ಸಿಟ್ಟು ಬರುತ್ತದೆ. ಕೆನಡಾದಲ್ಲೂ 13,597ರ ಮುಂದೆ ಏನು ಬರೆಯಬೇಕು ಎಂದು ಯಾರಾದರೂ ಒಬ್ಬರು ಕೇಳಿದ್ದರೆ ಸಾಕಿತ್ತು.

ರಾಯಬಾಗ ಕಬ್ಬು (ಬುಧವಾರ, ಸಂಜೆ 6:40)

ಅಕ್ಕಾರ, ನಿಜ. ನಮ್ಮ ಅಜ್ಜಿ ಜೋಳ ಸೇರಿನಲ್ಲಿ ಅಳೆದು ಕೊಡುತ್ತಿದ್ದಳು. ಪ್ಯಾಟಿಗೆ ಒಯ್ದರೆ ತಕ್ಕಡಿ. ಒಂದು ಸೇರು ಜೋಳಕ್ಕೂ ಒಂದು ಸೇರು ಶೇಂಗಾಕಾಯಿಗೂ ತೂಕ ಬೇರೆ ಬೇರೆ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ "ಸೇರಿನ ಲೆಕ್ಕ ಸೇರಿಗೆ, ತಕ್ಕಡಿ ಲೆಕ್ಕ ತಕ್ಕಡಿಗೆ" ಎನ್ನುತ್ತಿದ್ದಳು. ಎರಡನ್ನೂ ಕಲಸಲು ಬಿಡುತ್ತಿರಲಿಲ್ಲ.

ಗುಮ್ಮಟದ ನೆರಳು (ಬುಧವಾರ, ರಾತ್ರಿ 9:00)

ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಬುರಣಾಪುರದಲ್ಲಿ ವಿಮಾನ ನಿಲ್ದಾಣ ಕಟ್ಟಿರುವುದರಿಂದ ಈ ವಿಷಯ ಈಗ ನಮ್ಮ ಮನೆಯ ಮಾತೂ ಆಗಿದೆ.

ಮಾಸ್ತರು ಬೂದಿ ಎಂದಿರಿ. ಅದು ನಾನು ಓದಿದ್ದರಲ್ಲಿ ಎಲ್ಲಕ್ಕಿಂತ ವಿಚಿತ್ರ. 1982ರ ಜೂನ್ 24, ಬ್ರಿಟಿಷ್ ಏರ್‌ವೇಸ್ 9, ನಾಲ್ಕು ಇಂಜಿನ್‌ಗಳ 747. ಜಾವಾ ದ್ವೀಪದ ಹತ್ತಿರ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ರಾತ್ರಿ ಹೊಕ್ಕಿತು. ಕತ್ತಲಲ್ಲಿ ಬೂದಿ ಕಾಣಲಿಲ್ಲ, ರೇಡಾರಿಗೂ ಸಿಗಲಿಲ್ಲ. ಗಾಜಿನ ಮೇಲೆ ನೀಲಿ ಬೆಳಕು ಆಡತೊಡಗಿತು. ಒಂದಾದ ಮೇಲೆ ಒಂದು ನಾಲ್ಕೂ ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಮೈಕಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರು: ನಾಲ್ಕೂ ಇಂಜಿನ್ ನಿಂತಿವೆ, ಮತ್ತೆ ಚಾಲೂ ಮಾಡಲು ನಮ್ಮಿಂದ ಆದದ್ದೆಲ್ಲ ಮಾಡುತ್ತಿದ್ದೇವೆ ಎಂದು.

ಬೂದಿ ಇಂಜಿನ್ನಿನ ಬಿಸಿಗೆ ಕರಗಿ ಒಳಗೆ ಅಂಟಿಕೊಂಡಿತ್ತು. ವಿಮಾನ ತೇಲುತ್ತಾ 37,000 ಅಡಿಯಿಂದ ಬೂದಿಯ ಕೆಳಗೆ, ಒಳ್ಳೆಯ ಗಾಳಿಗೆ ಇಳಿಯಿತು. ನಿಂತ ಇಂಜಿನ್ ತಣ್ಣಗಾಗಿ ಅಂಟಿದ್ದು ಉದುರಿತು. ಮತ್ತೆ ಚಾಲೂ ಆದವು! ಗಾಜು ಉಜ್ಜಿ ಮಸುಕಾಗಿತ್ತು, ಮುಂದೆ ಏನೂ ಕಾಣದು, ಹಾಗೇ ಜಕಾರ್ತದಲ್ಲಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ.

ಆದರೆ ಒಂದು ಕೇಳಲೇಬೇಕು. ಇವೆಲ್ಲ ಉಳಿದವರ ಕಥೆ. ಅಹಮದಾಬಾದ್?

ಮುಧೋಳ ಮಾಸ್ತರ (ಬುಧವಾರ, ರಾತ್ರಿ 10:20)

ಕೇಳಿದ್ದು ಸರಿ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ತಾಯಿಗೆ ಮೋಸ ಮಾಡಿದ ಹಾಗೆ.

2025ರ ಜೂನ್ 12. ಏರ್ ಇಂಡಿಯಾ 171, ಬೋಯಿಂಗ್ 787. ಪ್ರಾಥಮಿಕ ವರದಿಯ ಪ್ರಕಾರ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಎರಡೂ ಇಂಜಿನ್‌ಗಳ ಇಂಧನದ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋದವು. ಯಾಕೆ ಹೋದವು ಎಂದು ಆ ವರದಿ ತೀರ್ಮಾನ ಮಾಡಿಲ್ಲ, ಹಾಗಾಗಿ ನಾವೂ ಇಲ್ಲಿ ಯಾರ ಮೇಲೂ ಬೆರಳು ತೋರಿಸುವುದು ಬೇಡ. ಫಿಟ್ಟರ್ ಸರ್ ಹೇಳಿದ ರ್‍ಯಾಟ್ ಹೊರಗೆ ಬಂದಿತ್ತು. ಸ್ವಿಚ್ ಮತ್ತೆ ಚಾಲೂ ಮಾಡಿದ್ದರು, ಒಂದು ಇಂಜಿನ್ ಚೇತರಿಸಿಕೊಳ್ಳುತ್ತಿತ್ತು. ಎತ್ತರ ಮಾತ್ರ ಇರಲಿಲ್ಲ. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರೇ ಉಳಿದರು. ಕೆಳಗಿದ್ದವರೂ ಸೇರಿ 260 ಜೀವ ಹೋದವು.

ಗಿಮ್ಲಿಯ ವಿಮಾನ ಮೊದಲ ಇಂಜಿನ್ ನಿಂತಾಗ 41,000 ಅಡಿಯಲ್ಲಿತ್ತು, 17 ನಿಮಿಷ ಸಿಕ್ಕಿತು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಎರಡೂ ಇಂಜಿನ್‌ಗೆ ಹೊಕ್ಕಾಗ ಎತ್ತರ ಸುಮಾರು 2,800 ಅಡಿ. ಕ್ಯಾಪ್ಟನ್ ಸಲ್ಲನ್‌ಬರ್ಗರ್‌ಗೆ ಸಿಕ್ಕಿದ್ದು ಮೂರೂವರೆ ನಿಮಿಷ. ಯಾವ ರನ್‌ವೇಗೂ ಹೋಗದೆ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರು. ಅಹಮದಾಬಾದಿನಲ್ಲಿ ಕೆಲವು ನೂರು ಅಡಿ, ಅರ್ಧ ನಿಮಿಷ. ಎಂಥ ಪೈಲಟ್ ಇದ್ದರೂ ಇಲ್ಲದ ಎತ್ತರವನ್ನು ಎಲ್ಲಿಂದ ತರಬೇಕು?

ಕ್ಯಾಂಪ್ ಹಳಬ (ಗುರುವಾರ, ಬೆಳಿಗ್ಗೆ 9:10)

ಬೆಳಗಾವಿಗೆ ಬರುವ ವಿಮಾನಗಳಲ್ಲಿ ಫ್ಯಾನಿನ ಸಣ್ಣ ವಿಮಾನ ಎಟಿಆರ್ ಕೂಡ ಇದೆ. ಆದ್ದರಿಂದ ಇದನ್ನೂ ಹೇಳಬೇಕು. 2005ರ ಆಗಸ್ಟ್ 6, ಟುನಿಂಟರ್ 1153, ಎಟಿಆರ್ 72. ಇಟಲಿಯ ಬಾರಿಯಿಂದ ಟುನೀಶಿಯಾದ ಜೆರ್ಬಾಗೆ ಹೊರಟಿತ್ತು. ಅದಕ್ಕೆ ಹಾಕಿದ್ದು ಅದರ ತಮ್ಮನಂಥ ಎಟಿಆರ್ 42ರ ಇಂಧನ ಗೇಜ್. ನೋಡಲು ಒಂದೇ ಥರ, ಕೂರುವುದೂ ಅದೇ ಜಾಗದಲ್ಲಿ. ಟ್ಯಾಂಕ್ ಒಣಗಿದರೂ ಗೇಜ್ ಎಣ್ಣೆ ಇದೆ ಎಂದೇ ತೋರಿಸಿತು. ಸಿಸಿಲಿ ಹತ್ತಿರ ಸಮುದ್ರಕ್ಕೆ ಇಳಿಯಿತು, 39 ಜನರಲ್ಲಿ 16 ಜನ ಸತ್ತರು. ನಂತರ ಇಟಲಿಯ ನ್ಯಾಯಾಲಯ ಕ್ಯಾಪ್ಟನ್‌ಗೂ ಕಂಪನಿಯ ಕೆಲವರಿಗೂ ಜೈಲು ಶಿಕ್ಷೆ ಕೊಟ್ಟಿತು.

ಹೆದರಿಸಲು ಹೇಳುತ್ತಿಲ್ಲ ತಂಗಿ. ತಪ್ಪು ಗೇಜ್ ಕೂರಿಸಿದವರ ಕೆಲಸ ಎಷ್ಟು ದೊಡ್ಡದು ಎಂದು ಹೇಳುತ್ತಿದ್ದೇನೆ.

ಸಾಂಬ್ರಾ ಫಿಟ್ಟರ್ (ಗುರುವಾರ, ಬೆಳಿಗ್ಗೆ 10:00)

ಇದಕ್ಕೆ ಜೋಡಿ ಇನ್ನೊಂದು. 2001ರ ಆಗಸ್ಟ್ 24, ಏರ್ ಟ್ರಾನ್ಸಾಟ್ 236, ಏರ್‌ಬಸ್ ಎ330, 306 ಜನ. ಟೊರೊಂಟೊದಿಂದ ಲಿಸ್ಬನ್‌ಗೆ. ಬಲ ಇಂಜಿನ್ನಿಗೆ ಹೊಂದದ ಹೈಡ್ರಾಲಿಕ್ ಭಾಗ ಹಾಕಿದ್ದರು. ಪೈಪಿಗೆ ಪೈಪ್ ಉಜ್ಜಿ ಇಂಧನದ ಪೈಪ್ ಸೀಳಿತು. ಒಂದು ಕಡೆ ಎಣ್ಣೆ ಕಡಿಮೆ ಕಂಡಾಗ ಪೈಲಟ್‌ಗಳು ಇನ್ನೊಂದು ಕಡೆಯಿಂದ ಬಿಟ್ಟರು, ಅದೂ ಸೀಳಿನಿಂದ ಹೊರಗೆ ಹರಿಯಿತು. ನಡು ಅಟ್ಲಾಂಟಿಕ್ ಮೇಲೆ ಎರಡೂ ಇಂಜಿನ್ ಬಂದ್. ಕ್ಯಾಪ್ಟನ್ ರಾಬರ್ಟ್ ಪಿಶೆ ಸುಮಾರು 19 ನಿಮಿಷ, 120 ಕಿಲೋಮೀಟರ್ ತೇಲಿಸಿ ಅಜೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಅಲ್ಲಿ ಒಬ್ಬ ಫಿಟ್ಟರ್ ಎರಡು ಪೈಪುಗಳ ನಡುವೆ ಬೆರಳು ಹೋಗುವಷ್ಟು ಜಾಗ ಇದೆಯಾ ಎಂದು ನೋಡಿ, ಇಲ್ಲ ಎಂದು ಕೆಲಸ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಥ ಫಿಟ್ಟರ್‌ಗಳು ದಿನಾ ನಿಲ್ಲಿಸುತ್ತಾರೆ. ವಿಮಾನ ತಡವಾಗುತ್ತದೆ, ಜನ ಬೈಯುತ್ತಾರೆ. ತಾಂತ್ರಿಕ ಕಾರಣಕ್ಕೆ ಒಂದು ತಾಸು ತಡ ಎಂದು ಬೋರ್ಡಿನಲ್ಲಿ ಬಂದರೆ ಅಮ್ಮನಿಗೆ ಹೇಳಿ, ಕೆಳಗೆ ಯಾರೋ ಒಬ್ಬ ಸರಿಯಾಗಿ ನೋಡುತ್ತಿದ್ದಾನೆ ಎಂದು.

ಟಿಳಕವಾಡಿ ಹುಡುಗಿ (ಗುರುವಾರ, ರಾತ್ರಿ 8:45)

ಎಲ್ಲವನ್ನೂ ಓದಿ ಹೇಳಿದೆ, ಅಹಮದಾಬಾದೂ ಸೇರಿ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಆ ಎರಡನೇ ಪೈಲಟ್ ಹಳೇ ಊರು ನೆನಪ ಇಟ್ಟಿದ್ದ ನೋಡು" ಎಂದಳು, ಗಿಮ್ಲಿಯ ಬಗ್ಗೆ. ಟಿಕೆಟ್ ಮಾಡಿಸು ಎಂದಿದ್ದಾಳೆ. ಅಂಕಿ ಬರೆದಲ್ಲಿ ಅಳತೆ ಬರೆದಿದ್ದಾರಾ ಎಂದು ನೋಡು ಎಂದು ನನ್ನ ಟಿಕೆಟಿನ ಸಾಮಾನಿನ ತೂಕವನ್ನೂ ಓದಿಸಿದಳು. 15 ಕಿಲೋ ಎಂದೇ ಇದೆ.

ಇಳಕಲ್ ಸೆರಗು (ಗುರುವಾರ, ರಾತ್ರಿ 9:05)

ಮೊಣಕಾಲು ನೋವು ಎಂದಿರಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ. ಎಟಿಆರ್‌ಗೆ ಮೆಟ್ಟಿಲು ಹತ್ತಬೇಕು. ಶೇಂಗಾ ಚಟ್ನಿ, ಖಾರದ ಪುಡಿ ಏನಿದ್ದರೂ ಕೈಚೀಲದಲ್ಲಿ ಬೇಡ, ಕೌಂಟರಿನಲ್ಲಿ ಕೊಡುವ ಬ್ಯಾಗಿನಲ್ಲಿ ಇಡಿ.

ಟಿಳಕವಾಡಿ ಹುಡುಗಿ (ಐದು ವಾರದ ನಂತರ, ಭಾನುವಾರ)

ನಿನ್ನೆ ಹೋಗಿ ಮುಟ್ಟಿದೆವು. ಅವ್ವನಿಗೆ ಕಿಟಕಿ ಸೀಟು ಸಿಕ್ಕಿತ್ತು. ಏರುವಾಗ ನನ್ನ ಕೈ ಗಟ್ಟಿ ಹಿಡಿದಿದ್ದಳು. ಬೆಂಗಳೂರು ಹತ್ತಿರ ಬಂದಾಗ ಇಂಜಿನ್ ಸದ್ದು ಒಮ್ಮೆಲೇ ಇಳಿಯಿತು. ನನಗೇ ಎದೆ ಧಸಕ್ಕೆಂದಿತು. ಆ ಕಡೆ ಸೀಟಿನ ಹುಡುಗನೂ ಗಾಬರಿಯಾಗಿ ಅತ್ತಿತ್ತ ನೋಡಿದ. ಅವ್ವ ಅವನ ಕಡೆ ಬಾಗಿ ಹೇಳಿದಳು: "ಅಂಜಬ್ಯಾಡಪಾ, ಮೂತಿ ಕೆಳಗ ಮಾಡ್ಯಾರ. ಇನ್ನ ರೆಕ್ಕೆ ಮ್ಯಾಲ ಇಳೀತೈತಿ."